ಮಂಚದ ರಿಸರ್ವೇಶನ್

ವ್ಯಾಸರಾಜರಿಗೆ ಹರ್ನಿಯಾ ಅಷ್ಟೇನೂ ಕಾಡಲಿಲ್ಲ. ಕಾಡಿದ್ದು ಆಪರೇಶನ್ ಆದ ಮೇಲೆ ಸುಮ್ಮನೆ ಮಲಗುವ ಶಿಕ್ಷೆ. ನಳ ಸೋರುತ್ತಿದೆಯೇ, ಗ್ಯಾಸ್ ಬಂದ್ ಆಗಿದೆಯೇ ಎಂದು ದಿನವಿಡೀ ಮನೆ ತುಂಬ ಗಸ್ತು ತಿರುಗುವ ಜೀವ ಅದು. ಗೋವಾದ ವಾಸ್ಕೊದ ಈ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಮರುಗಳಿಗೆಯಿಂದ ಒಂದೇ ಜಪ: ಮನೆಗೆ ಬಿಡಿ.

"ಸರಕಾರಿ ಯೋಜನಾದಾಗ ದಿವಸದ ಲೆಕ್ಕ ಇಲ್ರಿ," ಎಂದರು ಬೆಳಗಾವಿ ಕಡೆಯ ಡಾಕ್ಟರ್ ಸುಧೀರ. "ಒಂದು ಆಪರೇಶನ್ನಿಗೆ ಒಂದ ಗಂಟು ರೊಕ್ಕ. ಎಷ್ಟು ದಿವಸ ಇಟ್ಟುಕೊಂಡ್ರೂ ನಮಗ ಬರೂದು ಅಷ್ಟ."

"ಮತ್ತ ಯಾಕ ಇಟ್ಟುಕೊಂಡೀರಿ? ನಿಮಗೂ ಲುಕ್ಸಾನ, ನನಗೂ ತ್ರಾಸು."

"ಯೋಜನಾದ ತಪಾಸಣಿಯವರು ಬಂದು ಪೇಷಂಟ್ ಮಂಚದ ಮ್ಯಾಲ ಇದ್ದಾನ ಅಂತ ಕಣ್ಣಾರೆ ನೋಡಬೇಕ್ರಿ. ಇವತ್ತ ಬರ್ತಾರ. ನೋಡಿದ್ರ ಸಂಜೀಕ ಮನಿಗೆ ಹೋಗ್ರಿ. ನೋಡಲಿಲ್ಲ ಅಂದ್ರ ಬಿಲ್ ನಿಮ್ಮ ಕೊರಳಿಗೆ."

ವ್ಯಾಸರಾಜರು ಮಲಗಿದರು. ಎದ್ದರು. ಫ್ಯಾನಿನ ಸದ್ದಿನಲ್ಲಿ ದೋಷ ಕಂಡುಹಿಡಿದರು. ಮಧ್ಯಾಹ್ನವಾದರೂ ತಪಾಸಣೆಯ ಸುಳಿವಿಲ್ಲ. ಹೊರಗೆ ಹೊಸ ಪೇಷಂಟುಗಳು ಜಾಗಕ್ಕೆ ಕಾಯುತ್ತಿದ್ದರು.

"ನಾ ಕೆಳಗ ಚಹಾ ಕುಡದು ಬರ್ತೇನಿ. ನೀ ಇಲ್ಲೇ ಕುಂಡ್ರು. ಖಾಲಿ ಕಂಡ್ರ ಯಾರರೆ ಬಂದು ಮಲಗಿಬಿಡ್ತಾರ," ಎಂದು ಹೆಂಡತಿ ಯಮುನಾಬಾಯಿಗೆ ಹೇಳಿ, ಮಂಚದ ಮೇಲೆ ತಮ್ಮ ಟವೆಲ್ ಹಾಸಿದರು. (ಹುಬ್ಬಳ್ಳಿ ಬಸ್ಸಿಗೆ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದ ಕೈ ಅದು. ಆಸ್ಪತ್ರೆಗೂ ಅದೇ ಕಾಯ್ದೆ ಎಂದು ಅವರ ನಂಬಿಕೆ.)

"ಡಾಕ್ಟರು ಅಡ್ಡಾಡಬ್ಯಾಡ್ರಿ ಅಂದಾರಲ್ಲ?"

"ಹೊಟ್ಟಿ ನಂದೋ, ಡಾಕ್ಟರದೋ?"

ಯಮುನಾಬಾಯಿ ಕೂತರು. ಕಾಲು ನೋಯುತ್ತಿದ್ದವು, ಮೇಲಿಟ್ಟರು. ಬೆನ್ನು ತಾನಾಗಿಯೇ ಹಿಂದಕ್ಕೆ ಒರಗಿತು. ಮದುವೆಯಾದ ಮೇಲೆ ಮಧ್ಯಾಹ್ನದ ಹೊತ್ತು ಯಾರೂ ಹೆಸರು ಹಿಡಿದು ಕರೆಯದೆ ಇದ್ದದ್ದು ಇದೇ ಮೊದಲು. ಪಾಪ, ಎಷ್ಟು ಸುಖವಾಯಿತೆಂದರೆ, ಚಾದರ ಮುಖದ ತನಕ ಎಳೆದುಕೊಂಡು ಗೊರಕೆಯನ್ನೇ ಹೊಡೆದರು.

ಆಗಲೇ ತಪಾಸಣೆಯ ಪ್ರಾಚಿ ಬಂದಳು. ಕಾರವಾರದ ಹುಡುಗಿ, ಕಣ್ಣು ಚುರುಕು. ಗಂಡಸರ ವಾರ್ಡು, ಹರ್ನಿಯಾದ ವ್ಯಾಸರಾಜ ಎಂದು ಓದಿಕೊಂಡು ಚಾದರ ಸರಿಸಿದರೆ, ಕುಂಕುಮ, ಮೂಗುತಿ.

"ವ್ಯಾಸರಾಜ ಅಂದ್ರೆ ನೀವೇನ್ರಿ?"

"ಜಾಗಾ ಅವರದ್ರಿ," ಎಂದರು ಯಮುನಾಬಾಯಿ ನಿದ್ದೆಗಣ್ಣಿನಲ್ಲೇ. "ನಾ ಹಿಡದೇನಿ."

ಪ್ರಾಚಿ, ಅಷ್ಟರಲ್ಲಿ ಅಲ್ಲಿಗೆ ಬಂದ ಡಾಕ್ಟರ್ ಸುಧೀರರತ್ತ ತಿರುಗಿದಳು. "ಆಪರೇಶನ್ ಆಗದೆ ಯಾರ್ಯಾರನ್ನೋ ತಂದು ಮಲಗಿಸ್ತೀರಾ ಡಾಕ್ಟರೇ? ಇದಕ್ಕೆ ಒಂದು ಪೈಸೆನೂ ಬರೋದಿಲ್ಲ."

ಸುದ್ದಿ ಕ್ಯಾಂಟೀನಿಗೆ ಇಳಿಯಿತು. ವ್ಯಾಸರಾಜರು ಕೈಯಲ್ಲಿದ್ದ ಬಟಾಟಾ ವಡೆಯ ಸಮೇತ ಮೆಟ್ಟಿಲು ಹಾರಿ ಬಂದರು. "ಪೇಷಂಟ್ ನಾನ್ರಿ. ನಾನ ವ್ಯಾಸರಾಜ."

"ಆಪರೇಶನ್ ಆದವರು ಹೀಗೆ ಓಡ್ತಾರಾ?"

ಕಾಯಿಪಲ್ಲೆ ತರಲು ಹೋಗುವಾಗಲೂ ಕೊರಳ ತನಕ ಗುಂಡಿ ಹಾಕುವ ಮಹಾನುಭಾವರು, ಇಡೀ ವಾರ್ಡಿನ ಎದುರು ಅಂಗಿ ಎತ್ತಿ ಹೊಟ್ಟೆಯ ದರ್ಶನ ಕೊಟ್ಟರು. ಹೊಕ್ಕುಳದ ಮೇಲಿನ ಪಟ್ಟಿ ರಕ್ತದಿಂದ ಕೆಂಪಾಗಿತ್ತು. ಪ್ರಾಚಿ ನೋಡಿ, ಒಪ್ಪಿ, ಫೋಟೋ ತೆಗೆದುಕೊಂಡು ಹೋದಳು. ಬಿಲ್ಲಿನ ಭಯ ತಪ್ಪಿತು.

"ಓಡಿ ಹೊಲಿಗಿ ಸಡಿಲ ಮಾಡಿಕೊಂಡೀರಿ," ಎಂದರು ಸುಧೀರ. "ಇನ್ನ ನಾಲ್ಕು ದಿವಸ ಏಳೂಹಂಗಿಲ್ಲ."

"ಸರಕಾರ ಕೊಡೂದು ಅಷ್ಟ. ನಿಮಗ ಲುಕ್ಸಾನ ಆಗ್ತದ್ರಿ," ಎಂದು ಅಂಗಲಾಚಿದರು ವ್ಯಾಸರಾಜರು.

"ಆಗಲಿ ಬಿಡ್ರಿ."

ಯಮುನಾಬಾಯಿ ಗಂಡನನ್ನು ಮಲಗಿಸಿ, ಚಾದರ ಹೊದಿಸಿ, ಮನೆಯ ಕೀಲಿ ತೆಗೆದುಕೊಂಡರು.

"ಅವಸರ ಮಾಡಬ್ಯಾಡ್ರಿ ಡಾಕ್ಟರ," ಎಂದರು. "ಅವರು ಪೂರಾ ಆರಾಮ ಆಗಲಿ. ಅಷ್ಟರಾಗ ನಾನೂ ಮನ್ಯಾಗ ಆರಾಮ ಆಗ್ತೇನಿ."