ತೋಳು ಮಡಚಿದ ತಪ್ಪಿಗೆ

ಇಂಗ್ಲಿಷ್ ಮೇಷ್ಟರಿಗೆ ಅರ್ಥ ಹೇಳುವ ಚಟ ಇರುತ್ತದೆ. ಯಾರೂ ಕೇಳದಿದ್ದರೂ ಹೇಳುತ್ತೇವೆ. ಕೇಳಿಬಿಟ್ಟರಂತೂ ಉದಾಹರಣೆ ಸಮೇತ ಹೇಳುತ್ತೇವೆ. ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ಈ ಚಟವೇ ನನಗೆ ಅನ್ನ ಹಾಕುತ್ತಿತ್ತು. ಯಳಂದೂರಿನ ಹತ್ತಿರದ ಹೊನ್ನೂರಿನಲ್ಲಿ, ಅಂದರೆ ನನ್ನ ಮಾವನವರ ಊರಿನಲ್ಲಿ, ಅದೇ ಚಟ ನನ್ನ ಸೊಂಟ ಮುರಿಯಿತು.

ಆಗ ಅರವತ್ತರ ದಶಕ, ನಾನಿನ್ನೂ ಹೊಸ ಅಳಿಯ. ಚಾವಡಿಯ ಮುಂದೆ ಕೂತು ಇಂಗ್ಲಿಷ್ ಪೇಪರಿನ ಸುದ್ದಿಯನ್ನು ಮಾವನಿಗೂ ಊರವರಿಗೂ ಕನ್ನಡದಲ್ಲಿ ಹೇಳುತ್ತಿದ್ದೆ. ಯಾವುದೋ ದೇಶ ಗಡಿಯಲ್ಲಿ ‘ಫ್ಲೆಕ್ಸಿಂಗ್ ಇಟ್ಸ್ ಮಸಲ್ಸ್’ ಎಂದು ಅದರಲ್ಲಿ ಬರೆದಿತ್ತು. “ಅಂಗಂದ್ರೇನು ಅಳಿಯಂದ್ರೆ?” ಎಂದರು ಮಾವ. ಹೊಡೆಯದೆಯೇ ಹೆದರಿಸಲು ಬಲ ತೋರಿಸುವುದು ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಬಾರದಿತ್ತೇ! ಎದ್ದು ನಿಂತು, ಅಂಗಿಯ ತೋಳು ಮೇಲಕ್ಕೆ ಮಡಚಿ, ಮುಷ್ಟಿ ಬಿಗಿದು ತೋರಿಸಿದೆ. ಉಬ್ಬಿದ್ದು ನರ ಮಾತ್ರ.

ಎಲ್ಲರೂ ನನ್ನ ಕಾಲ ಕಡೆ ನೋಡಿದರು. ಅಲ್ಲೊಂದು ಗುಂಡುಕಲ್ಲಿತ್ತು. ಆ ಊರಿನಲ್ಲಿ ಅದರ ಮುಂದೆ ತೋಳು ಮಡಚಿದವನು ಅದನ್ನು ಎದೆಮಟ್ಟಕ್ಕೆ ಎತ್ತಲೇಬೇಕಂತೆ. ಇಲ್ಲವಾದರೆ ಕಲ್ಲಿಗೆ ಕೈಮುಗಿದು ಎಲ್ಲರೆದುರು “ಸೋತೆ” ಅನ್ನಬೇಕಂತೆ.

“ಎತ್ತಿ ಸಾ, ಎತ್ತಿ!” ಎಂದರು ಸುತ್ತಲಿದ್ದವರು.

“ಇಂಗ್ಲಿಷಿನಲ್ಲಿ ತೋರಿಸಿದರೆ ಸಾಕು, ಎತ್ತಬೇಕಾಗಿಲ್ಲ,” ಎಂದೆ.

“ಇದು ಒನ್ನೂರು ಸಾ.”

ಮಾವನ ಮುಖ ನೋಡಿದೆ. ಅವರು ತಲೆ ತಗ್ಗಿಸಿದ್ದರು. ಅಳಿಯ ಸೋತೆನೆಂದರೆ ಊರಿನಲ್ಲಿ ಅವರ ಮರ್ಯಾದೆ ಏನಾಗಬೇಕು? ಬಗ್ಗಿ ಕಲ್ಲನ್ನು ಅಪ್ಪಿಕೊಂಡೆ. ದೇವರಾಣೆಗೂ ಅದು ಒಂದಿಷ್ಟು ಅಲುಗಿತು. ಅಷ್ಟರಲ್ಲಿ ಸೊಂಟ ಲಟಕ್ಕೆಂದಿತು. ಬಗ್ಗಿದವನು ಬಗ್ಗಿದಂತೆಯೇ ಉಳಿದೆ.

ಸುದ್ದಿ ಅಡುಗೆಮನೆಗೂ ಹೋಗಿತ್ತು. ನನ್ನ ಹೆಂಡತಿ ಪುಟ್ಟತಾಯಿ ಕೈಯಲ್ಲಿದ್ದ ಸೌಟಿನ ಸಮೇತ ಓಡಿಬಂದಳು.

“ಏನಪ್ಪಾ ಇದು? ಇವ್ರ ಸೊಂಟ ಮುರುದ್ರೆ ನಾಳೆ ಇಸ್ಕೂಲ್ಗೆ ನೀನ್ ಓಯ್ತೀಯಾ?” ಎಂದು ತಂದೆಯನ್ನು ಕೇಳಿದಳು. ಆಮೇಲೆ ಮಿಕ್ಕವರ ಕಡೆ ತಿರುಗಿ, “ಸೋತ್ರು ಅಂತ ನಾನೇ ಯೋಳ್ತೀನಿ. ಯಾರಾದ್ರೂ ಏನಾದ್ರೂ ಅನ್ನಂಗಿದ್ರೆ ನನ್ ಮುಂದೆ ಅನ್ನಿ,” ಎಂದಳು.

“ಎತ್ತಿ” ಎಂದವರೆಲ್ಲ ಒಬ್ಬೊಬ್ಬರಾಗಿ ಹಿಂದೆ ಸರಿದರು. ಮಾವ ಹೆಗಲ ಟವಲು ಕೊಡವಿ, “ಓಗ್ಲಿ ಬುಡ್ರಪ್ಪಾ,” ಎಂದರು. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಹೇಳಿಯೇಬಿಡುತ್ತೇನೆ, ಹೆಮ್ಮೆಯಾಯಿತು.

ಆಮೇಲೂ, ನಾನು ನಿವೃತ್ತನಾಗುವವರೆಗೆ, ಆ ನುಡಿಗಟ್ಟು ಪಾಠದಲ್ಲಿ ಬರುತ್ತಿತ್ತು. ಎರಡೂ ಕೈ ಕೋಟಿನ ಜೇಬಿನಲ್ಲಿಟ್ಟುಕೊಂಡು ಅರ್ಥ ಹೇಳುತ್ತಿದ್ದೆ. ಅದರ ಬಳಕೆ ಮಾತ್ರ ಮನೆಯಲ್ಲಿ ಈಗಲೂ ದಿನಾ ಕಾಣುತ್ತದೆ. ಪುಟ್ಟತಾಯಿ ಇದುವರೆಗೆ ಯಾರನ್ನೂ ಹೊಡೆದವಳಲ್ಲ. ಆದರೆ ಅವಳು ಸೌಟು ಹಿಡಿದು ಬಾಗಿಲಿಗೆ ಬಂದಳೆಂದರೆ ನಾನು ಪೇಪರ್ ಮಡಚಿಟ್ಟು ತರಕಾರಿಗೆ ಹೊರಡುತ್ತೇನೆ.