ಸೋರದ ಪ್ಲಾಸ್ಮಾ

ಬೇರೆಯವರ ತಪ್ಪು ತಿದ್ದುವಾಗ ನನ್ನ ದನಿಗೆ ಎಲ್ಲಿಲ್ಲದ ಮಾಧುರ್ಯ ಬಂದುಬಿಡುತ್ತದೆ. ಮದುವೆಯಾದ ಹೊಸತರಲ್ಲೇ ಇದನ್ನು ಪತ್ತೆಹಚ್ಚಿದ ನನ್ನ ಉಡುಪಿಯ ಹೆಂಡತಿ, "ನೀವು ಬೈದ್ರೂ ಅಡ್ಡಿಲ್ಲ ಮಾರಾಯ್ರೆ, ಈ ಸ್ವರ ಮಾತ್ರ ಬೇಡ" ಎಂದಿದ್ದಳು. ಅವಳ ಮಾತು ಕೇಳಿದ್ದರೆ ಇದನ್ನು ಬರೆಯುವ ನಾಚಿಕೆಗೇಡು ನನಗೆ ಬರುತ್ತಿರಲಿಲ್ಲ.

ದಿನವೂ ಭಾಂಡುಪ್‌ನಿಂದ ಲೋಕಲ್ ರೈಲು ಹಿಡಿದು ಹೋಗಿ ನಾನು ಮಾಡುವ ಕೆಲಸ, ಸೂರ್ಯನಂತೆ ಕಾದ ಪ್ಲಾಸ್ಮಾವನ್ನು, ಅಂದರೆ ವಿದ್ಯುತ್ ಕಣಗಳ ಅನಿಲವನ್ನು, ಅಯಸ್ಕಾಂತಗಳ ನಡುವೆ ಹಿಡಿದಿಡುವುದು. ಹೆದರಬೇಡಿ, ಕಂಪ್ಯೂಟರಿನೊಳಗೆ ಮಾತ್ರ. ಮ್ಯಾಗ್ನೆಟಿಕ್ ಮಿರರ್ ಎಂಬ ಈ ಯಂತ್ರ ಒಂದು ಕೊಳವೆ. ಅಯಸ್ಕಾಂತದ ಬಲವೆಲ್ಲ ಅದರ ಎರಡು ತುದಿಗಳಲ್ಲಿ. ಓರೆಯಾಗಿ ಬಂದ ಕಣಗಳು ಅಲ್ಲಿಂದ ಹಿಂದಿರುಗುತ್ತವೆ, ನೆಟ್ಟಗೆ ನುಗ್ಗಿದವು ಹೊರಬೀಳುತ್ತವೆ. ದಾದರ್ ಸ್ಟೇಷನ್ ಬಂದಾಗ ಲೋಕಲ್ ಡಬ್ಬಿಯಲ್ಲಿ ಆಗುವುದೂ ಇದೇ. ಹೀಗೆ ಎಷ್ಟು ಸೋರಿತೆಂದು ಲೆಕ್ಕ ಹಾಕುವುದು ನನ್ನ ಹೊಟ್ಟೆಪಾಡು.

ಹೀಗಿರುವಾಗ ಒಂದು ದಿನ ನನ್ನ ಲೆಕ್ಕದಲ್ಲಿ ಸೋರಿಕೆಯೇ ನಿಂತುಹೋಯಿತು! ಅದೇ ಯಂತ್ರವನ್ನು ಬೇರೆ ಪ್ರೋಗ್ರಾಮಿನಲ್ಲಿ ಪರೀಕ್ಷಿಸುತ್ತಿದ್ದವಳು ನನ್ನ ಕಿರಿಯ ಸಹೋದ್ಯೋಗಿ, ವಿಜಯಪುರದ ಶಬಾನಾ. ಅವಳದು ಧಾರಾಳವಾಗಿ ಸೋರುತ್ತಿತ್ತು. ತುಂಬಿದ ಮೀಟಿಂಗಿನಲ್ಲಿ ನಾನು ಪರಮ ಮಧುರವಾಗಿ, "ನಿನ್ನ ಕೋಡಿನಲ್ಲಿ ಎಲ್ಲೋ ತಪ್ಪಿದೆಯಮ್ಮ, ಹುಡುಕು" ಎಂದೆ. ಅದೇ ಲೆಕ್ಕದ ಮೇಲೆ ಬರೆದ ಅವಳ ಮೊದಲ ಪೇಪರ್ ಪ್ರಕಟಣೆಗೆ ಸಿದ್ಧವಾಗಿತ್ತು. ನನ್ನ ಒಪ್ಪಿಗೆಯಿಲ್ಲದೆ ಅದು ಹೋಗುವಂತಿರಲಿಲ್ಲ. ಪಾಪ, ಹುಡುಕತೊಡಗಿದಳು.

ಹದಿನೈದು ದಿನದ ಮೇಲೆ, ಒಂದು ಸೋಮವಾರ, ನನ್ನದೇ ಪ್ರೋಗ್ರಾಮಿನಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ತುದಿ ಮುಟ್ಟಿದ ಕಣವನ್ನೆಲ್ಲ ತಿರುಗಿಸಿ ಒಳಗೆ ಕಳಿಸೆಂಬ ಆಜ್ಞೆ. ಶುರುವಿನಲ್ಲಿ ಪರೀಕ್ಷೆಗೆಂದು ನಾನೇ ಬರೆದು, ಅಳಿಸಲು ಮರೆತದ್ದು. ಡಬ್ಬಿಯ ಬಾಗಿಲು ಜಡಿದು, ಯಾರೂ ಇಳಿಯುತ್ತಿಲ್ಲವೆಂದು ಹಿಗ್ಗಿದ್ದೆ.

ಆಗಲೇ ಎದ್ದು ಹೋಗಿ ಹೇಳಬೇಕಿತ್ತು. ಮಂಗಳವಾರ ಡೈರೆಕ್ಟರ್ ಬಂದಿದ್ದಾರೆಂದು ಹೇಳಲಿಲ್ಲ, ಬುಧವಾರ ತಲೆನೋವೆಂದು ಹೇಳಲಿಲ್ಲ, ಗುರುವಾರ ಯಾವ ಸಬೂಬೂ ಸಿಗದೆ ಸುಮ್ಮನೆ ಹೇಳಲಿಲ್ಲ. ಚಹಾದ ಹೊತ್ತಿಗೆ "ಸಿಕ್ಕಿತೇನಮ್ಮ?" ಎಂದು ಕೇಳುವುದನ್ನು ಮಾತ್ರ ಬಿಡಲಿಲ್ಲ. "ನನ್ನದ್ರಾಗ ಏನೂ ಸಿಕ್ಕಿಲ್ರೀ ಸರ್" ಎನ್ನುತ್ತಿದ್ದಳು. "ಸಿಗುತ್ತೆ, ಧೈರ್ಯಗೆಡಬೇಡ" ಎಂದು ಬಿಸ್ಕತ್ತು ಮುಂದೆ ಸರಿಸುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ತೊದಲುತ್ತಾ ಎಲ್ಲ ಹೇಳಿದೆ. ಶಬಾನಾ ಹುಬ್ಬೂ ಏರಿಸಲಿಲ್ಲ.

"ಗೊತ್ತೈತ್ರೀ ಸರ್. ಹೋದ ವಾರನ ನಿಮ್ಮ ಕೋಡ್ ತಗದು ನೋಡೀನಿ. ನೀವ ಹುಡುಕಿ ಹೇಳ್ತೀರಿ ಅಂತ ಸುಮ್ಮನಿದ್ದೆ. ಇವತ್ತೂ ಬಾಯಿ ಬಿಡದಿದ್ರ ನಾನ ಹೇಳಾಕಿ ಇದ್ದೆ. ಪೇಪರ್ ಕಳಿಸಾಕ ನಾಳೆ ಕಡೀ ದಿನ."

ಒಪ್ಪಿಗೆಯ ಕಾಗದ ಮುಂದಿಟ್ಟಳು. ಸಹಿ ಹಾಕಿದೆ.

ಮುಂದಿನ ಮೀಟಿಂಗಿನಲ್ಲಿ ಎಲ್ಲರೆದುರು ನನ್ನ ಸಾಲಿನ ತಪ್ಪನ್ನು ಒಪ್ಪಿಕೊಂಡೆ. ಆ ನಾಲ್ಕು ದಿನಗಳ ಮಾತೆತ್ತಲಿಲ್ಲ. ಇಷ್ಟು ಹಿರಿಯರಾದರೂ ಎಂಥ ಪ್ರಾಮಾಣಿಕತೆ ಎಂದು ಡೈರೆಕ್ಟರ್ ಕೊಂಡಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಶಬಾನಾ ಕೂಡ ನನ್ನನ್ನೇ ನೋಡುತ್ತಾ, ನಿಧಾನವಾಗಿ ತಟ್ಟಿದಳು. ನಾನು ತಲೆ ತಗ್ಗಿಸಿದೆ. ಅದನ್ನು ವಿನಯವೆಂದುಕೊಂಡರು. ಹಾಗಲ್ಲವೆಂದು ನಾನೂ ಹೇಳಲಿಲ್ಲ.