ಐದು ಇಂಚಿನ ನಿಯಮ

"ಈ ವರ್ಷ ವಿಲ್ಫ್ರೆಡ್ ಗೆಲ್ಲೋದಿಲ್ಲ! ಬೇಕಾದ್ರೆ ಬರೆದಿಟ್ಕೋ!" ಎಂದು ನಾರಿಸ್ ಅಡುಗೆಮನೆಯ ಮೇಜನ್ನು ಗುದ್ದಿದ ರಭಸಕ್ಕೆ ಹೆಂಡತಿ ಎನಿಡ್‌ಳ ಚಹಾ ತುಳುಕಿತು.

ಹೊರಗೆ ಇಂಗ್ಲೆಂಡಿನ ಯಾರ್ಕ್‌ಶೈರಿನ ಜಿಟಿಜಿಟಿ ಮಳೆ. ಮರುಭೂಮಿಯ ಗಿಡ ಸಾಕಲು ಇದಕ್ಕಿಂತ ದರಿದ್ರ ಊರು ಭೂಮಂಡಲದಲ್ಲೇ ಇರಲಿಲ್ಲ. ಆದರೂ ಅಲ್ಲೊಂದು ಕಳ್ಳಿ ಮತ್ತು ಸಕ್ಯುಲೆಂಟ್ ಎಂಬ ದಪ್ಪೆಲೆಯ ಗಿಡಗಳ ಸಂಘ ಹೇಗೋ ಉಸಿರು ಹಿಡಿದುಕೊಂಡಿತ್ತು. ಈ ಸಲದ ಪ್ರದರ್ಶನ ಕೆಟ್ಟರೆ ಸಂಘಕ್ಕೇ ಬೀಗ. ಅಂಥ ಸಾಮ್ರಾಜ್ಯದಲ್ಲಿ ಸ್ಪರ್ಧೆಯ ವಿಭಾಗಗಳನ್ನು ಗೊತ್ತುಮಾಡುವ ಮಹಾಪಟ್ಟ ನಾರಿಸ್‌ನ ತಲೆಗೇರಿತ್ತು.

ವಿಲ್ಫ್ರೆಡ್ ಅವನ ಹಳೆಯ ಗೆಳೆಯ. ಕುರಿಮರಿಯಷ್ಟು ದಪ್ಪನೆಯ ಗಿಡಗಳನ್ನು ತಂದು ವರ್ಷವೂ ಮೊದಲ ಬಹುಮಾನಗಳನ್ನೆಲ್ಲ ಬಾಚುವವನು. ನಾರಿಸ್‌ಗೆ ಯಾವಾಗಲೂ ಎರಡನೆಯದು.

"ಅವನ ಕಾಟಕ್ಕೇ ಜನ ಸಂಘ ಬಿಟ್ಟು ಹೋಗ್ತಿರೋದು!"

"ಬಿಟ್ಟು ಹೋಗಿಲ್ಲ ಮಾರಾಯ, ಸತ್ತು ಹೋಗಿದ್ದಾರೆ," ಎಂದಳು ಎನಿಡ್, ಮೇಜು ಒರೆಸುತ್ತ.

ನಾರಿಸ್ ಹೊಸ ನಿಯಮ ತಂದೇಬಿಟ್ಟ: ಐದು ಇಂಚಿಗಿಂತ ದೊಡ್ಡ ಕುಂಡಕ್ಕೆ ಪ್ರವೇಶವಿಲ್ಲ! ವಿಲ್ಫ್ರೆಡ್‌ನ ಒಂದು ಗಿಡವೂ ಅದರೊಳಗೆ ನುಸುಳುವಂತಿರಲಿಲ್ಲ. ಆದರೆ ನಿಯಮ ಮರಿ ಹಾಕತೊಡಗಿತು. ಕುಂಡ ಸಣ್ಣದಾದರೂ ಗಿಡ ಉದ್ದವಿದೆ ಎಂದು ಒಬ್ಬಾಕೆ ತಕರಾರು ತೆಗೆದಳು. ಉದ್ದ ಗಿಡಕ್ಕೊಂದು ವಿಭಾಗ. ರೋಮವಿರುವ ಎಲೆಗೊಂದು, ಬೋಳು ಎಲೆಗೊಂದು. ಕಡೆಗೆ ಗಿಡಗಳಿಗಿಂತ ವಿಭಾಗಗಳೇ ಹೆಚ್ಚಾದವು!

ಪ್ರದರ್ಶನದ ಹಿಂದಿನ ಸಂಜೆ ನಾರಿಸ್ ತನ್ನ ಮುದ್ದಿನ ಹಾವರ್ತಿಯಾ ಗಿಡದ ಕುಂಡ ಅಳೆದ. ಆರು ಇಂಚು! ತನ್ನ ಕಾನೂನಿಗೆ ತಾನೇ ಸಿಕ್ಕಿಬಿದ್ದಿದ್ದ. ಅಡುಗೆಮನೆಯ ಮೇಜಿನ ಮೇಲೆಯೇ ಕೈಗೆ ಸಿಕ್ಕ ಚಾಕುವಿನಿಂದ ಗಿಡ ಎಬ್ಬಿಸಿ, ಬೇರು ಕತ್ತರಿಸಿ, ಸಣ್ಣ ಕುಂಡಕ್ಕೆ ತುರುಕತೊಡಗಿದ. ಮಣ್ಣು ಬೆಣ್ಣೆಯ ಮೇಲೆ, ಬೇರು ಸಕ್ಕರೆಯ ಡಬ್ಬಿಯಲ್ಲಿ.

"ಅಯ್ಯೋ, ಅದು ಬ್ರೆಡ್ ಕೊಯ್ಯೋ ಚಾಕು!"

"ಸುಮ್ನಿರು, ಆಪರೇಷನ್ ನಡೀತಿದೆ!"

"ಹಾಗಾದ್ರೆ ರೋಗಿ ಉಳಿಯಲ್ಲ ಬಿಡು."

ಮರುದಿನ ಚರ್ಚಿನ ಸಭಾಂಗಣ ಸಾವಿನ ಮನೆಯಂತಿತ್ತು. ಉದ್ದಾನುದ್ದ ಮೇಜುಗಳು, ವಿಭಾಗಕ್ಕೊಂದು ಪುಟಾಣಿ ಗಿಡ, ಕೆಲವಕ್ಕೆ ಅದೂ ಇಲ್ಲ. ಒಳಬಂದ ನಾಲ್ಕಾರು ಜನ ಕೊಡೆಯನ್ನೂ ಮಡಚದೆ ಹಾಗೇ ಹೊರಟುಹೋದರು. ವಿಲ್ಫ್ರೆಡ್ ಬರಿಗೈಯಲ್ಲಿ ಬಂದು, ಎನಿಡ್‌ಳ ಜೊತೆ ಚಹಾದ ಲೋಟ ತೊಳೆಯುತ್ತ ನಿಂತ. ನಾರಿಸ್ ಖಾಲಿ ಮೇಜುಗಳ ನಡುವೆ ಒಂದು ಸುತ್ತು ಹಾಕಿದ. ಸಭಾಂಗಣ ತುಂಬುತ್ತಿದ್ದದ್ದು ವಿಲ್ಫ್ರೆಡ್‌ನ ಗಿಡಗಳಿಂದ ಎಂದು ಅವನಿಗೆ ಈಗ ಹೊಳೆಯಿತು.

ಆದರೂ ಒಂದು ಆಸೆ ಉಳಿದಿತ್ತು. ಅವನ ವಿಭಾಗದಲ್ಲಿ ಇದ್ದದ್ದು ಅವನದೊಂದೇ ಗಿಡ. ಮೊದಲ ಬಹುಮಾನ ಎಲ್ಲಿಗೆ ಹೋಗುತ್ತದೆ!

ತೀರ್ಪುಗಾರ್ತಿ ಶ್ರೀಮತಿ ಕ್ರಾಬ್‌ಟ್ರೀ ಕನ್ನಡಕ ಏರಿಸಿ ಹಾವರ್ತಿಯಾವನ್ನು ನೋಡಿದರು. ಅದು ಒಂದು ಕಡೆಗೆ ವಾಲಿ, ಎಲೆ ಸುಕ್ಕುಗಟ್ಟಿಸಿಕೊಂಡು, ಪ್ರಾಣ ಬಿಡುವ ಸಿದ್ಧತೆಯಲ್ಲಿತ್ತು. ಆಕೆ ನಿಟ್ಟುಸಿರಿಟ್ಟು ಒಂದು ಚೀಟಿ ಇಟ್ಟರು: ಮೂರನೆಯ ಬಹುಮಾನ.

"ಮೇಡಂ! ಇಲ್ಲಿ ಬೇರೆ ಗಿಡವೇ ಇಲ್ಲ! ಮೊದಲನೆಯದು, ಎರಡನೆಯದು ಯಾರಿಗೆ?"

"ಯಾರಿಗೂ ಇಲ್ಲ. ಗಿಡ ಯೋಗ್ಯವಾಗಿಲ್ಲದಿದ್ದರೆ ಬಹುಮಾನ ತಡೆಹಿಡಿಯಬಹುದು ಅಂತ ನಿಯಮ ಇದೆಯಲ್ಲ. ನೀವೇ ಮಾಡಿದ್ದಂತೆ?"

ಎನಿಡ್ ನಗು ತಡೆಯಲಾರದೆ ಒದ್ದೆ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡಳು. ವಿಲ್ಫ್ರೆಡ್ ಕೈ ಒರೆಸಿಕೊಳ್ಳುತ್ತ ಬಂದು ಚೀಟಿ ನೋಡಿದ. ಅವನ ಮುಖದಲ್ಲಿ ಕುಹಕದ ಸುಳಿವೂ ಇರಲಿಲ್ಲ. ಮನುಷ್ಯ ನಿಜವಾಗಿಯೇ ನೊಂದಿದ್ದ. ಗೆಳೆಯನ ಹೆಗಲ ಮೇಲೆ ಕೈಯಿಟ್ಟು ಹೇಳಿದ:

"ಪಾಪ ಕಣೋ ನಾರಿಸ್... ನಾನಿದ್ದಾಗ ಎರಡನೇದಾದ್ರೂ ಬರ್ತಿತ್ತು. ನಾನಿಲ್ಲ ಅಂದ ತಕ್ಷಣ ಮೂರನೇದಕ್ಕೆ ಇಳಿದುಬಿಟ್ಯಲ್ಲೋ!"